ಪಥ್ಯ ಬಿಡಿಸುವ ಕೈ

ಮುದ್ದೇಬಿಹಾಳ,
ಶುಕ್ರವಾರ, ೧೨ ಸೆಪ್ಟೆಂಬರ್ ೨೦೨೫

ಪೂಜ್ಯ ಅಕ್ಕನ ಚರಣಗಳಿಗೆ ತಮ್ಮ ನಾರಾಯಣನ ನಮಸ್ಕಾರಗಳು.

ನಿನ್ನ ಮೊಣಕಾಲುಗಳು ಹೇಗಿವೆ? ಚಂದ್ರಭಾಗೆಯ ಘಾಟಿನ ಮೆಟ್ಟಿಲುಗಳ ಮೇಲೆ ಮಳೆಗಾಲದ ಪಾಚಿ ಇನ್ನೂ ಒಣಗಿರಲಿಕ್ಕಿಲ್ಲ. ಬೆಳಗಿನ ಸ್ನಾನಕ್ಕೆ ಒಬ್ಬಳೇ ಇಳಿಯಬೇಡ, ಭಜನಾ ಮಂಡಳಿಯವರಲ್ಲಿ ಯಾರದಾದರೂ ಕೈ ಹಿಡಿದುಕೋ. ರಕ್ತದೊತ್ತಡದ ಗುಳಿಗೆಯನ್ನು ತಪ್ಪಿಸುತ್ತಿಲ್ಲ ತಾನೆ? ಚಾತುರ್ಮಾಸ ಮುಗಿಯುವವರೆಗೆ ಫೋನು ಮುಟ್ಟುವುದಿಲ್ಲವೆಂದು ನಿಯಮ ಹಿಡಿದು ಪಂಢರಪುರದಲ್ಲಿ ಕುಳಿತುಬಿಟ್ಟೆ. ಹೀಗಾಗಿ ನಿನ್ನ ಕ್ಷೇಮವನ್ನು ಮಠದ ವ್ಯವಸ್ಥಾಪಕರ ಬಾಯಿಂದ ಕೇಳಿ ತಿಳಿಯಬೇಕಾಗಿದೆ. ಹೋದ ವಾರ ಅವರು ಹೇಳಿದ್ದು ಇಷ್ಟು: ನಿಮ್ಮ ಅಕ್ಕನವರು ಆರಾಮವಾಗಿದ್ದಾರೆ, ಪಂಕ್ತಿಯಲ್ಲಿ ಊಟಕ್ಕೆ ಕೂಡುವುದಿಲ್ಲ, ತಮ್ಮದನ್ನು ತಾವೇ ಬೇರೆ ಬೇಯಿಸಿಕೊಳ್ಳುತ್ತಾರೆ, ನಡುವೆ ಒಮ್ಮೆ ತಲೆ ತಿರುಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. ಮಡಿಯ ವಿಷಯದಲ್ಲಿ ನಿನ್ನ ಬಿಗಿ ನನಗೆ ಹೊಸದಲ್ಲವಾದ್ದರಿಂದ ಬೇರೆ ಬೇಯಿಸಿಕೊಳ್ಳುವ ಮಾತಿಗೆ ನಾನು ಅಚ್ಚರಿಪಡಲಿಲ್ಲ. ತಲೆ ತಿರುಗಿದ ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ವ್ರತದ ಮೊದಲ ತಿಂಗಳು ಕಾಯಿಪಲ್ಲೆ ಬಿಟ್ಟೆ, ಎರಡನೆಯ ತಿಂಗಳು ಮೊಸರು ಬಿಟ್ಟೆ, ಈಗ ಹಾಲು ಬಿಡುವ ತಿಂಗಳು ನಡೆದಿದೆ. ಬಿಡುವುದರಲ್ಲಿ ನಿನ್ನಷ್ಟು ಗಟ್ಟಿಗಿತ್ತಿ ನಮ್ಮ ಮನೆತನದಲ್ಲಿ ಇನ್ನೊಬ್ಬಳಿಲ್ಲ. ಈ ಪತ್ರ ಬರೆಯುವ ಹಾಗೆ ಮಾಡಿದ್ದೂ ಆ ಗಟ್ಟಿತನವೇ. ಊಟ ಮುಗಿಸಿ, ಕನ್ನಡಕ ಹಾಕಿಕೊಂಡು, ಸಮಾಧಾನದಿಂದ ಓದು, ಬರೆಯುವವನಿಗೆ ಸಮಾಧಾನವಿಲ್ಲ.

ನಿನ್ನ ಮೊಮ್ಮಗಳು ಸುಮೇಧಾ ಸೋಮವಾರ ಕಾಲೇಜಿನ ಪ್ರಯೋಗಾಲಯದಲ್ಲಿ ಕುಸಿದು ಬಿದ್ದಳು. ಗಾಬರಿಯಾಗಬೇಡ, ಈಗ ಎದ್ದು ಕುಳಿತಿದ್ದಾಳೆ. ಕೈಯಲ್ಲಿದ್ದ ಗಾಜಿನ ನಳಿಕೆ ಒಡೆದು ಅಂಗೈಯಲ್ಲಿ ಸಣ್ಣದೊಂದು ಗೀರು ಆಗಿದೆ, ಅಷ್ಟೇ. ನಾನು ಆಟೋ ಮಾಡಿಕೊಂಡು ಓಡಿದಾಗ ಅವಳನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಅವಳ ಕೈಬಳೆ ಮೊಣಕೈವರೆಗೆ ಜಾರಿತ್ತು. ದಿನವೂ ಎದುರಿಗಿರುವ ಮಗು ಎಷ್ಟು ಇಳಿದಿದೆ ಎಂಬುದು ನನ್ನ ಕಣ್ಣಿಗೆ ಅಂದು ಆ ಬಳೆಯಿಂದ ಕಂಡಿತು. ಮನೆಗೆ ಕರೆತಂದ ಮೇಲೆ ಬುಶ್ರಾ ಬಂದು ನೋಡಿದಳು. ನಮ್ಮ ನೆರೆಮನೆಯ ಬಾಬುಲಾಲ ಮತ್ತು ಅಬಿದಾ ಅವರ ಮಗಳು, ನಮ್ಮ ಕಟ್ಟೆಯ ಮೇಲೆ ಕುಳಿತು ನನ್ನಿಂದ ಲೆಕ್ಕ ಕಲಿತು ಡಾಕ್ಟರಾದವಳು. ಅವಳು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ನಾಡಿ ಹಿಡಿದಳು, ಹಿಂದಿನ ರಕ್ತ ಪರೀಕ್ಷೆಯ ಕಾಗದಗಳನ್ನೂ ಹೊಸದನ್ನೂ ಪಕ್ಕಪಕ್ಕಕ್ಕೆ ಇಟ್ಟು ಓದಿದಳು. ಬಳಿಕ ನನ್ನನ್ನು ಅಂಗಳಕ್ಕೆ ಕರೆದು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ಸರ, ಕಾಮಣಿ ಎಂದೋ ಹೋಗೇತ್ರಿ. ಈಗ ಈಕಿಗೆ ಹತ್ತಿರೋ ಬ್ಯಾನಿ ಹಸಿವು.” ಮೂವತ್ತು ವರ್ಷ ಮಕ್ಕಳಿಗೆ ಆಹಾರದ ಪಾಠ ಹೇಳಿದ ಮೇಷ್ಟರ ಮನೆಯಲ್ಲಿ, ಕಣಜದಲ್ಲಿ ಜೋಳ ತುಂಬಿರುವ ಮನೆಯಲ್ಲಿ, ಒಂದು ಮಗುವಿಗೆ ಹಸಿವಿನ ರೋಗ ಹತ್ತಿದೆ ಎಂಬ ಮಾತನ್ನು ಶಿಷ್ಯೆಯ ಬಾಯಿಂದ ಕೇಳಬೇಕಾಯಿತು.

ಜೂನ್‌ನಲ್ಲಿ ಕಾಮಣಿಯಾಗಿ ಅವಳ ಕಣ್ಣು ಹಳದಿಯಾದಾಗ ನೀನು ಏನು ಮಾಡಿದೆಯೋ ಅದಕ್ಕೆ ನಾನು ತಕರಾರು ಎತ್ತಿರಲಿಲ್ಲ. ಉಪ್ಪು ಬೇಡ, ಎಣ್ಣೆ ಬೇಡ, ಅರಿಷಿಣ ಬೇಡ ಎಂದೆ. ಆಗ ಅವಳಿಗೆ ಹೇಗೂ ಏನೂ ರುಚಿಸುತ್ತಿರಲಿಲ್ಲ, ತುತ್ತು ಬಾಯಿಗಿಟ್ಟರೆ ವಾಂತಿ. ಕುದಿಸಿ ಆರಿಸಿದ ನೀರು, ವಿಶ್ರಾಂತಿ, ಸ್ವಲ್ಪ ಸ್ವಲ್ಪವಾಗಿ ಹಗುರ ಊಟ, ಹಸಿವು ತಿರುಗಿದ ಮೇಲೆ ಎಂದಿನ ಹಾಗೆ ಊಟ ಎಂದು ಬುಶ್ರಾ ಹೇಳಿದ್ದಳು. ಅವಳ ಮಾತಿನ ಮೊದಲರ್ಧಕ್ಕೂ ನಿನ್ನ ಗಂಜಿಗೂ ಜಗಳವಿರಲಿಲ್ಲ. ನೀನು ಹೊತ್ತು ಹೊತ್ತಿಗೆ ತೆಳು ಗಂಜಿ ಕಾಸಿ, ಬಟ್ಟಲನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಚಮಚ ಚಮಚವಾಗಿ ಕುಡಿಸಿದ್ದನ್ನು ನಾನು ಕಂಡಿದ್ದೇನೆ. ಆ ಗಂಜಿಯೇ ಅವಳನ್ನು ಎಬ್ಬಿಸಿತು ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಆದರೆ ಆಷಾಢದಲ್ಲಿ ನೀನು ಹೊರಟುನಿಂತೆ. ಬಸ್ ನಿಲ್ದಾಣದಲ್ಲಿ ಸುಮೇಧಾಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದೆ, ಇಬ್ಬರೂ ಕಣ್ಣು ಒರೆಸಿಕೊಂಡಿರಿ. ಆಮೇಲೆ ಕಿಟಕಿಯಿಂದ ಮುಖ ಹೊರಹಾಕಿ ನಮ್ಮೆಲ್ಲರಿಗೂ ಕೇಳುವಂತೆ ಹೇಳಿದೆ: “ನಾ ಬಂದು ನನ್ನ ಕೈಲೇ ಬಿಡಸ್ತೇನಿ. ಅಲ್ಲೀತನಕಾ ಯಾರೂ ಈಕಿ ತಾಟಿಗೆ ಉಪ್ಪು ಸೋಕಸಬ್ಯಾಡ್ರಿ.” ಬಸ್ಸು ಹೊರಟಿತು. ಪಥ್ಯ ಇಲ್ಲಿ ಉಳಿಯಿತು, ಅದನ್ನು ಬಿಡಿಸುವ ಕೈ ಪಂಢರಪುರಕ್ಕೆ ಹೋಯಿತು.

ನಮ್ಮ ಮನೆಯ ಪದ್ಧತಿ ನನಗೆ ತಿಳಿಯದ್ದಲ್ಲ. ಪಥ್ಯ ಹಾಕಿದವರೇ ಅದನ್ನು ಬಿಡಿಸಬೇಕು. ಅಟ್ಟದ ಮೇಲಿನ ಭರಣಿಯಲ್ಲಿ ಉಪ್ಪಿನೊಳಗೆ ವರ್ಷಗಟ್ಟಲೆ ಕೂತು ಕರ್ರಗಾದ ನಿಂಬೆಯ ಒಂದು ಹೋಳನ್ನು ತೆಗೆದು, ರೋಗಿಯ ನಾಲಗೆಯ ಮೇಲೆ ತಮ್ಮ ಕೈಯಾರೆ ಇಡಬೇಕು. ನಾನು ಹುಡುಗನಾಗಿ ವಿಷಮಶೀತ ಜ್ವರದಲ್ಲಿ ಬಿದ್ದೆದ್ದಾಗ ನೀನೇ ಇಟ್ಟಿದ್ದೆ. ಕೆಟ್ಟುಹೋದ ಬಾಯಿಗೆ ಆ ಉಪ್ಪು, ಆ ಹುಳಿ ತಾಗಿದೊಡನೆ ಕಿವಿಯ ಹಿಂದೆ ಜುಮ್ಮೆಂದದ್ದು, ನಾನು ಅನ್ನ ಅನ್ನ ಎಂದು ಕೂಗಿದ್ದು, ನೀನು ಸೆರಗಿನಿಂದ ನನ್ನ ಗಲ್ಲ ಒರೆಸುತ್ತ ನಕ್ಕದ್ದು, ಯಾವುದನ್ನೂ ಮರೆತಿಲ್ಲ. ಇಂಥ ಪದ್ಧತಿಯನ್ನು ನಾನು ಹಗುರ ಮಾಡಿ ಮಾತಾಡುವವನಲ್ಲ. ನನ್ನ ಸಂಕಟ ಬೇರೆ. ಹಾಕಿದವರು ಬಿಡಿಸಬೇಕೆಂಬ ನಿಯಮವಿರುವ ಮನೆಯಲ್ಲಿ, ಹಾಕುವುದಕ್ಕೆ ಮಾತ್ರ ಊರೆಲ್ಲಾ ಬಂತು, ಬಿಡಿಸುವುದಕ್ಕೆ ಒಬ್ಬರೂ ಬರಲಿಲ್ಲ.

ಕೇಳು. ನೀನು ಹೋದ ಮೇಲೆ ಇಂಡಿ ತಾಲೂಕಿನ ತಾಂಬಾದಿಂದ ನಮ್ಮ ಸೋದರತ್ತೆಯ ಮಗಳು ವೇಣಕ್ಕ ಬಂದಳು. ತಮ್ಮ ತೋಟದ ನಿಂಬೆಹಣ್ಣು ಒಂದು ಚೀಲ ತುಂಬ ತಂದಿದ್ದಳು. ಚೀಲವನ್ನು ನಡುಮನೆಯಲ್ಲಿ ಇಳಿಸಿ, ಬೆವರು ಒರೆಸಿಕೊಂಡು, “ಇವು ನಿಮಗ. ಆಕಿಗೆ ಮಾತ್ರ ಹುಳಿ ವಾಸನೀನೂ ತೋರಸಬ್ಯಾಡ್ರಿ, ಪಿತ್ತ ಕೆರಳ್ತದ” ಎಂದಳು. ಹುಳಿ ಹೋಯಿತು. ಸಿಂದಗಿಯಿಂದ ನಿನ್ನ ಬೀಗಿತಿ ಬಂದು ಬೇಳೆ ವಾಯು ಎಂದರು. ಬೇಳೆ ಹೋಯಿತು. ನಿನ್ನ ಮಗ ಸಂಕರ್ಷಣ ಬಾಗಲಕೋಟೆಯ ಕೆಲಸ ಮುಗಿಸಿ ಬರುವಾಗ, ಮಗಳು ಆಸೆಪಟ್ಟಿದ್ದಳೆಂದು ಕೊಲ್ಹಾರದಲ್ಲಿ ಇಳಿದು ಒಂದು ಗಡಿಗೆ ಮೊಸರು ತಂದ. ಅದೇ ಹೊತ್ತಿಗೆ ಬಸವನ ಬಾಗೇವಾಡಿಯಿಂದ ನನ್ನ ಹಳೆಯ ಸಹೋದ್ಯೋಗಿ ಯಲ್ಲಾಲಿಂಗ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಮೊಸರು ತಂಪು, ಬಾಳೆಹಣ್ಣು ಇನ್ನೂ ತಂಪು, ಯಕೃತ್ತಿನ ರೋಗಕ್ಕೆ ಎರಡೂ ಆಗದು ಎಂದು ವ್ಯಾಯಾಮದ ಮೇಷ್ಟರ ಗಂಟಲಿನಲ್ಲಿ ಘೋಷಿಸಿದ. ಬಿಸಿಲಲ್ಲಿ ಅಷ್ಟು ದೂರದಿಂದ ಪ್ರಯಾಣ ಮಾಡಿ ಮಗುವನ್ನು ನೋಡಲು ಬಂದವನಿಗೆ ಎದುರು ಆಡುವುದು ಹೇಗೆ? ಮೊಸರು ಹೋಯಿತು, ಎಲ್ಲಿಗೆ ಎಂದರೆ, ಅರ್ಧ ಗಡಿಗೆ ಯಲ್ಲಾಲಿಂಗನ ಹೊಟ್ಟೆಗೆ. ಆಮೇಲೆ ಅಬಿದಾ ಎಳೆ ಮೂಲಂಗಿ ತಂದುಕೊಟ್ಟು, ಗೋಧಿ ಉಷ್ಣ ಎಂದು ಹೇಳಿಹೋದರು. ಮಗಳು ಡಾಕ್ಟರಾಗಿರುವ ಮನೆಯವರೇ ಹೀಗೆಂದರೆ ಹೇಗೆ ಎಂದು ನಾನು ಬುಶ್ರಾಳನ್ನು ಕೇಳಿದೆ. ಅವಳು ನಕ್ಕು, “ಅಮ್ಮೀ ನನ್ನ ಮಾತ ಎಲ್ಲಿ ಕೇಳ್ತಾರ್ರಿ ಸರ? ಅವರ ಪಾಲಿಗೆ ನಾ ಇನ್ನೂ ಔಷಧ ಕುಡಿಯಾಕ ಅಳೋ ಹುಡುಗಿ” ಎಂದಳು.

ಹೀಗೆ ಬಂದವರೆಲ್ಲ ಪ್ರೀತಿಯಿಂದಲೇ ಬಂದರು, ಪ್ರೀತಿಯಿಂದಲೇ ಒಂದೊಂದನ್ನು ತಟ್ಟೆಯಿಂದ ಎತ್ತಿಕೊಂಡು ಹೋದರು. ನನ್ನ ಮನೆಯವಳು ಇಂದಿರಾ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಹಿರಿಯರು ಹಾಕಿದ್ದನ್ನು ಮೀರಿ ಮಗುವಿಗೆ ಏನಾದರೂ ಆದರೆ ಯಾರು ಹೊಣೆ ಎಂಬುದು ಅವಳ ಒಂದೇ ಮಾತು. ನಮ್ಮ ಒಲೆಯ ಮೇಲೆ ಈಗ ಎರಡು ಪಾತ್ರೆ: ನಮ್ಮದೊಂದು, ಸುಮೇಧಾಳ ಸಪ್ಪೆಯ ಚಿಕ್ಕ ಪಾತ್ರೆಯೊಂದು. ಒಣ ಜೋಳದ ರೊಟ್ಟಿ, ಬೇಯಿಸಿದ ಹೀರೆಕಾಯಿ, ಹಾಲು ಸಕ್ಕರೆ ಕಲಸಿದ ಅನ್ನ, ಮತ್ತೆ ಅದೇ. ಒಂದು ದಿನ ಅವಳೇ ತಟ್ಟೆಯನ್ನು ನೋಡಿ ನನಗೆ ಹೇಳಿದಳು: “ಅಜ್ಜಾ, ಇನ್ನ ಉಳಿದದ್ದು ಗಾಳಿ ಒಂದ. ವಾತ ಆಗ್ತದ ಅಂತ ಯಾರರ ಬಂದು ಅದನ್ನೂ ಬಿಡಸೂದ್ರೊಳಗ ನಾಲ್ಕು ಉಸಿರು ತೊಗೊಂಡಬಿಡ್ತೇನಿ.” ನಾವಿಬ್ಬರೂ ನಕ್ಕೆವು.

ಅಕ್ಕಾ, ನನ್ನನ್ನು ಹೆಚ್ಚು ನೋಯಿಸಿದವಳು ನೀನಲ್ಲ, ವೇಣಕ್ಕನೂ ಅಲ್ಲ, ಸುಮೇಧಾಳೇ. ಐದನೆಯ ಇಯತ್ತೆಯ ಹುಡುಗಿಯಾಗಿ ಬೇಸಿಗೆ ರಜೆಗೆ ಬಂದಾಗ ಅವಳು ಅರಿಷಿಣ ಹಚ್ಚಿದ ಕಾಗದಕ್ಕೆ ಸಾಬೂನಿನ ನೀರು ಬಿಟ್ಟು ಅದು ಕೆಂಪಾದದ್ದನ್ನು ಕಂಡು, ಯಾಕೆ ಎಂದು ನನ್ನನ್ನು ಇಡೀ ದಿನ ಕಾಡಿದವಳು. ಆ ‘ಯಾಕೆ’ಯನ್ನು ನಂಬಿಯೇ ನಾನು ಸಂಕರ್ಷಣನಿಗೆ ಹೇಳಿ ಅವಳನ್ನು ಸಿಂದಗಿಯಿಂದ ಇಲ್ಲಿಗೆ ಕರೆಸಿಕೊಂಡದ್ದು, ಪಿಯುಸಿ ನನ್ನ ಕಣ್ಣೆದುರಿಗೇ ಆಗಲಿ ಎಂದದ್ದು. ಹಳದಿ ರೋಗಕ್ಕೆ ಹಳದಿ ಪದಾರ್ಥ ಬೇಡವೆಂದರೆ, ಮೆಂತ್ಯದ ಪಲ್ಲೆ ತಿಂದವರೆಲ್ಲ ಹಸಿರಾಗಬೇಕಿತ್ತಲ್ಲ ಎಂದು ನಾನು ಅವಳಿಗೆ ಹೇಳಿದೆ. ಅವಳು ಒಪ್ಪಿದಳು. ಉಪ್ಪಿಗೂ ಅವಳ ಕಾಮಾಲೆಗೂ ಏನು ಸಂಬಂಧ ಎಂದು ಕೇಳಿದೆ. ಏನೂ ಇಲ್ಲ ಎಂದು ಅವಳೇ ಪಾಠದ ಭಾಷೆಯಲ್ಲಿ ವಿವರಿಸಿದಳು. ಹಾಗಾದರೆ ಉಣ್ಣು ಎಂದೆ. ತಟ್ಟೆಯನ್ನು ಹಿಂದಕ್ಕೆ ಸರಿಸಿ, “ಅಜ್ಜಿ ಬರ್ಲಿ” ಎಂದಳು. ಬುಧವಾರ ನಾನೇ ಒಲೆಯ ಮುಂದೆ ನಿಂತು, ಬೇಳೆ ಹಾಕಿ, ಉಪ್ಪು ಅರಿಷಿಣ ಬೆರೆಸಿ, ಮೆತ್ತಗೆ ಹುಗ್ಗಿ ಮಾಡಿ ಬಡಿಸಿದೆ. ಆ ತಟ್ಟೆಯ ಮುಂದೆ ಅವಳು ಬಹಳ ಹೊತ್ತು ಕುಳಿತಳು. ಹಸಿದ ಮಗು ವಾಸನೆಗೆ ಉಗುಳು ನುಂಗುವುದನ್ನು ನಾನು ಕಣ್ಣಾರೆ ಕಂಡೆ. ಬೆರಳು ಮಾತ್ರ ತಟ್ಟೆಗೆ ತಾಗಲಿಲ್ಲ. ಸಂಕರ್ಷಣನನ್ನು ಸಿಂದಗಿಯಿಂದ ಕರೆಸಿದೆ. ಹೈಸ್ಕೂಲಿನಲ್ಲಿ ಅದೇ ವಿಜ್ಞಾನ ಕಲಿಸುವ ಅವನು ಮಗಳ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ “ಅವ್ವ ಹೇಳ್ಯಾಳಲ್ಲ ಮಾಮಾ” ಎಂದು ಗೋಡೆಗೆ ಒರಗಿದ. ಇಷ್ಟು ಜನರಿಗೆ ಇಷ್ಟು ವರ್ಷ ಏನು ಕಲಿಸಿದೆ ಎಂದು ನನಗೆ ನಾನೇ ಕೇಳಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ.

ಹಳಬರ ತಿಳಿವಳಿಕೆಯೆಲ್ಲ ಸುಳ್ಳೆಂದು ನಾನು ಬರೆಯುತ್ತಿದ್ದೇನೆಂದು ತಿಳಿಯಬೇಡ. ನೆಗಡಿಗೆ ನಿನ್ನ ಶುಂಠಿ ಕಷಾಯ ಕುಡಿದೇ ನಾನು ಶಾಲೆಯ ಸೀಮೆಸುಣ್ಣದ ಧೂಳಿನಲ್ಲಿ ಗಂಟಲು ಉಳಿಸಿಕೊಂಡೆ. ಭೇದಿಯಾದ ಮಗುವಿಗೆ ನೀರು ಕೊಡಬೇಡಿರೆಂದು ಓಣಿಯವರೆಲ್ಲ ಕೂಗಿದಾಗ, ನೀನೊಬ್ಬಳೇ ಗಂಜಿಯ ತಿಳಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸಿದ್ದೆ. ಅದನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಉದಾಹರಣೆಯಾಗಿ ಹೇಳಿದ್ದೇನೆ. ನಿನ್ನ ತಿಳಿವಳಿಕೆಯ ಬೆಲೆ ಇದ್ದದ್ದು ನೀನು ರೋಗಿಯ ಪಕ್ಕದಲ್ಲಿ ಕುಳಿತಿರುತ್ತಿದ್ದುದರಲ್ಲಿ. ನಾಲಗೆ ನೋಡುತ್ತಿದ್ದೆ, ಕಣ್ಣು ನೋಡುತ್ತಿದ್ದೆ, ಹಸಿವು ಯಾವಾಗ ತಿರುಗಿತೆಂದು ಅವರಿಗಿಂತ ಮೊದಲು ನಿನಗೆ ತಿಳಿಯುತ್ತಿತ್ತು, ಆ ಗಳಿಗೆಗೆ ಭರಣಿ ಕೆಳಗಿಳಿಯುತ್ತಿತ್ತು. ಈ ಸಲ ನೀನು ಪಕ್ಕದಲ್ಲಿಲ್ಲ. ಅವಳ ಹಸಿವು ತಿರುಗಿದ್ದು ನಿನಗೆ ಕಾಣಲಿಲ್ಲ. ನೀನು ಇಲ್ಲಿದ್ದಿದ್ದರೆ ಈ ಪಥ್ಯ ಶ್ರಾವಣಕ್ಕೂ ಮುಂಚೆ ಮುಗಿದಿರುತ್ತಿತ್ತೆಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ವ್ರತ ಬಿಟ್ಟು ಬಾ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಕಾರ್ತಿಕದವರೆಗೆ ಈ ಮಗು ಹೀಗೇ ಇದ್ದರೆ, ಈ ವರ್ಷದ ಪರೀಕ್ಷೆಯ ಮಾತು ಹಾಗಿರಲಿ, ಕಟ್ಟೆಯ ಮೆಟ್ಟಿಲು ಹತ್ತಲೂ ಅವಳಲ್ಲಿ ತ್ರಾಣ ಉಳಿಯುವುದಿಲ್ಲ. ಪಥ್ಯ ಬಿಟ್ಟಿದೆ ಎಂದು ನಿನ್ನ ಕೈಯಿಂದ ಎರಡು ಸಾಲು ಬರೆದುಕೊಡು. ಸಂಕರ್ಷಣನನ್ನು ಇಂದೇ ಕಳಿಸುತ್ತಿದ್ದೇನೆ. ಅವ್ವ ಹೇಳಿದ್ದನ್ನು ಮೀರಲಾರದ ಮಗ ಅವ್ವನಿಂದ ಹೇಳಿಸಿಕೊಂಡಾದರೂ ಬರಲಿ.

ಕಟುವಾಗಿ ಬರೆದಿದ್ದರೆ ಕ್ಷಮಿಸು. ಹೊಸ ಹುಡುಗರು ಸಂಜೆ ಪಾಠಕ್ಕೆ ಬರಲು ಶುರುಮಾಡಿದ್ದಾರೆ, ಚುರುಕಾಗಿದ್ದಾರೆ. ಅವರನ್ನು ನೋಡಿದಾಗ ನನಗೆ ಮತ್ತೆ ಉಮೇದು ಬರುತ್ತದೆ. ಮಂಡಳಿಯ ಎಲ್ಲ ತಾಯಂದಿರಿಗೂ ಇಂದಿರೆಯ ಮತ್ತು ನನ್ನ ನಮಸ್ಕಾರ ತಿಳಿಸು. ವಿಠ್ಠಲನ ಮುಂದೆ ನಿಂತಾಗ ನಮ್ಮ ಮಗುವಿನ ಹೆಸರು ಹೇಳು. ಜೊತೆಗೆ ನಿನ್ನ ಮೊಣಕಾಲಿನ ಮಾತನ್ನೂ ಹೇಳಿಕೋ, ಅದಕ್ಕೆ ಸಂಕೋಚ ಬೇಡ.

ನಿನ್ನ ಆಶೀರ್ವಾದ ಬೇಡುವ,
ನಾರಾಯಣ

ತಾ. ಕ.: ಅಕ್ಕಾ, ಅವಸರದಲ್ಲಿ ಬರೆಯುತ್ತಿದ್ದೇನೆ, ಸಂಕರ್ಷಣ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. ಬೆನ್ನ ಹಿಂದೆ ದೂರು ಕೊಟ್ಟೆನೆಂದು ಆಗಬಾರದೆಂದು ಈ ಪತ್ರವನ್ನು ಸುಮೇಧಾಳಿಗೆ ಓದಿ ಹೇಳಿದೆ. ನೀನು ಬೇರೆ ಬೇಯಿಸಿಕೊಳ್ಳುವ, ತಲೆ ತಿರುಗಿ ಕುಳಿತ ಸಾಲು ಬಂದೊಡನೆ ಅವಳು ಮುಖ ಮುಚ್ಚಿಕೊಂಡು ಅತ್ತಳು. ಬಸ್ ನಿಲ್ದಾಣದಲ್ಲಿ ನೀನು ಕಿವಿಯಲ್ಲಿ ಹೇಳಿದ್ದು ಏನೆಂದು ಈಗ ತಿಳಿಯಿತು: “ನೀ ಬಿಟ್ಟದ್ದನ್ನ ನಾನೂ ಬಿಟ್ಟೇನಿ. ನಿನ್ನ ಪಥ್ಯ ಬಿಡಿಸಿದ ದಿನಾನ ನಂದೂ ಬಿಡೂದು.” ಮಗು ನನಗೆ ಹೇಳಿದ್ದು ಇದು: “ಉಪ್ಪಿನಿಂದ ಏನೂ ಆಗೂದಿಲ್ಲಂತ ನನಗ ಗೊತ್ತದ ಅಜ್ಜಾ. ಅಲ್ಲೆ ಅಜ್ಜಿ ಸಪ್ಪನ್ನ ಉಣ್ಣೂವಾಗ ನಾ ಇಲ್ಲೆ ಹೆಂಗ ಉಪ್ಪು ಹಾಕ್ಕೊಳ್ಳಿ?” ಅವಳ ತಲೆ ತಿರುಗಿದ್ದೂ ನಿನ್ನ ತಲೆ ತಿರುಗಿದ್ದೂ ಒಂದೇ ಕಾರಣಕ್ಕೆ. ನಿನ್ನ ವಯಸ್ಸಿಗೆ, ಮೈಯ ಉಪ್ಪನ್ನು ಹೊರಹಾಕುವ ಆ ಗುಳಿಗೆಯ ಜೊತೆಗೆ ಇಷ್ಟು ದಿನ ಉಪ್ಪಿಲ್ಲದೆ ಇರುವುದು ಅಪಾಯವೆಂದು ಬುಶ್ರಾ ಈಗಷ್ಟೇ ಫೋನಿನಲ್ಲಿ ಹೇಳಿದಳು.

ಎರಡು ಸಾಲಿನ ಕಾಗದ ಬೇಡ. ನಾನು ಸ್ನಾನ ಮಾಡಿ, ಮಡಿಯುಟ್ಟು, ಅಟ್ಟದಿಂದ ನಿನ್ನ ಭರಣಿ ಇಳಿಸಿ, ಒಂದು ಕರಿ ನಿಂಬೆಯನ್ನು ಎರಡು ಮಾಡಿದ್ದೇನೆ. ಅರ್ಧ ಸಂಕರ್ಷಣನ ಕೈಯಲ್ಲಿರುವ ಡಬ್ಬಿಯಲ್ಲಿದೆ. ನೀನೇ ಹಾಕಿಟ್ಟದ್ದು, ನಿನ್ನ ಮಡಿಗೆ ಭಂಗವಿಲ್ಲ, ಈ ತಿಂಗಳ ವ್ರತಕ್ಕೆ ನಿಂಬೆಯ ನಿಷೇಧವೂ ಇಲ್ಲ. ಉಳಿದರ್ಧ ಸುಮೇಧಾಳ ತಟ್ಟೆಯಲ್ಲಿದೆ. ಫೋನನ್ನು ಸಂಕರ್ಷಣ ಹಿಡಿಯಲಿ, ನೀನು ಮುಟ್ಟಬೇಡ, ನಿಯಮ ಉಳಿಯುತ್ತದೆ. ಹೋಳನ್ನು ನೀನು ಮೊದಲು ಬಾಯಿಗೆ ಹಾಕಿಕೋ, ಆಮೇಲೆ ಅವಳಿಗೆ ಉಣ್ಣು ಎನ್ನು. ಇಂದಿರಾ ಚಿಕ್ಕ ಪಾತ್ರೆಯನ್ನು ತೊಳೆದು ಬೋರಲು ಹಾಕಿದ್ದಾಳೆ. ಇಂದು ಸಂಜೆ ನಮ್ಮ ಒಲೆಯ ಮೇಲೆ ಒಂದೇ ಪಾತ್ರೆಯಲ್ಲಿ ಸಾರು ಕುದಿಯುತ್ತದೆ. ಅದಕ್ಕೆ ಉಪ್ಪು ಬೀಳುವುದು ನಿನ್ನ ದನಿ ಕೇಳಿದ ಮೇಲೆ.